ಹನ್ನೆರಡನೆಯ ಫಾರಂ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಲಾಲಸಾಬರದು ಬೈಂಡಿಂಗ್ ಅಂಗಡಿ. ಶಾಲೆಯ ಹಾಜರಿ ಪುಸ್ತಕ, ಮಸೀದಿಯ ಹಳೆಯ ಕುರಾನ್, ಕಾಲೇಜು ಗ್ರಂಥಾಲಯಗಳ ದಪ್ಪ ಇಂಗ್ಲಿಷ್ ಪುಸ್ತಕ, ಎಲ್ಲಕ್ಕೂ ನಲವತ್ತಾರು ವರ್ಷದಿಂದ ರಟ್ಟು ಕಟ್ಟುತ್ತಾ ಬಂದವರು. ಅರ್ಥಶಾಸ್ತ್ರ, ಇತಿಹಾಸ, ರಾಜಕೀಯ, ಗಣಿತ ಯಾವುದೇ ಇರಲಿ, ಅವರ ಕೈಗೆ ಬಂದ ಮೇಲೆ ಅದು ಇಷ್ಟು ಉದ್ದ, ಇಷ್ಟು ದಪ್ಪ, ಇಷ್ಟು ಫಾರಂ. ಅಚ್ಚಾದ ದೊಡ್ಡ ಹಾಳೆಯೊಂದನ್ನು ಮಡಿಸಿದರೆ ಹದಿನಾರು ಪುಟವಾಗುತ್ತದೆ. ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ಹಳೆಯ ದಾರ ಕತ್ತರಿಸಿ, ಫಾರಂಗಳನ್ನು ಬಿಡಿಸಿ, ಮತ್ತೆ ಕ್ರಮವಾಗಿ ಜೋಡಿಸಿ ಹೊಲಿಯುವುದೇ ಕೆಲಸ. ಲಾಲಸಾಬರಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತಿತ್ತು, ತೆಲುಗನ್ನು ಅಕ್ಷರ ಕೂಡಿಸಿ ಓದುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ. ಪುಟದ ಅಂಕಿ ನೋಡಿ ಜೋಡಿಸುತ್ತಿದ್ದರು. ಅದಕ್ಕಿಂತ ಹೆಚ್ಚು ಬೇಕು ಅಂತ ಅವರಿಗೆ ಎಂದೂ ಅನ್ನಿಸಿರಲಿಲ್ಲ.

ಮೊಮ್ಮಗಳು ಆಸ್ಫಿಯಾ ಎಂ.ಎಸ್ಸಿ. ಗಣಿತ ಓದುತ್ತಿದ್ದಳು. ಕಳೆದ ಜನವರಿಯ ಒಂದು ಮಧ್ಯಾಹ್ನ ತಾತನ ಊಟದ ಡಬ್ಬಿಯ ಜೊತೆಗೆ, ತಾನು ಓದಿದ್ದ ಹಳೆಯ ಕಾಲೇಜಿನ ಗ್ರಂಥಾಲಯದಿಂದ ತಂದ ಒಂದು ಪುಸ್ತಕವನ್ನೂ ಹಿಡಿದು ಅಂಗಡಿಗೆ ಬಂದಳು.

"ತಾತಾ, ಇದು ನೀನ ಕಟ್ಟಿದ್ದಲ್ಲಾ?"

ಹಿಂದಿನ ರಟ್ಟಿನ ಒಳಗೆ ಅಂಗಡಿಯ ಚೀಟಿ ಇತ್ತು. ಅದರ ಕೆಳಗೆ 1994 ಎಂದು ಅವರದೇ ಕೈಬರಹ. ಲಾಲಸಾಬ್ ಪುಸ್ತಕದ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಹೊಲಿಗೆ ಗಟ್ಟಿಯಾಗಿತ್ತು.

"ಹೌದು. ಮೂವತ್ತು ವರ್ಷದ ಮ್ಯಾಲಾತು. ಒಂದು ಹಾಳಿ ಅಲುಗಿಲ್ಲ ನೋಡು."

"ಅಲುಗಿಲ್ಲ, ಖರೆ. ಆದ್ರ ನೂರಾ ಎಪ್ಪತ್ತೇಳರಿಂದ ನೂರಾ ತೊಂಬತ್ತೆರಡರ ತನಕ ಹಾಳಿ ಬ್ಯಾರೆ ಪುಸ್ತಕದ್ದು. ಇದು ಎಣಿಕೆಯ ಗಣಿತ. ನಡುವ ಹದಿನಾರು ಪುಟ ಎಲೆಕ್ಷನ್ ಬಗ್ಗೆ ಐತಿ."

ಲಾಲಸಾಬ್ ಕನ್ನಡಕ ಹಾಕಿಕೊಂಡು ಪುಟ ತಿರುವಿದರು. ಅಂಕಿಗಳು ಸಾಲಾಗಿ ಇದ್ದವು: 176, 177, 178. ಕಾಗದ ಒಂದೇ ಬಣ್ಣ, ಅಕ್ಷರ ಒಂದೇ ಅಳತೆ. ಅವರ ಕಣ್ಣಿಗೆ ಏನೂ ತಪ್ಪು ಕಾಣಲಿಲ್ಲ. ಆದರೆ ಎರಡು ಪುಸ್ತಕ ಒಂದೇ ಪ್ರಕಾಶನದವಾಗಿದ್ದು, ಒಟ್ಟಿಗೆ ಬಿಚ್ಚಿಟ್ಟಿದ್ದರೆ ಹನ್ನೆರಡನೆಯ ಫಾರಂ ಅದಲುಬದಲಾಗುವುದು ಹೇಗೆ ಎಂಬುದು ಅವರಿಗೆ ತಕ್ಷಣ ಹೊಳೆಯಿತು. ಆ ವಾರ ಏನು ನಡೆದಿತ್ತು, ಯಾವ ಗಡಿಬಿಡಿ ಇತ್ತು, ಒಂದೂ ನೆನಪಾಗಲಿಲ್ಲ.

"ಹಂಗಾದ್ರ ಇದರ ಹದಿನಾರು ಪುಟ ಇನ್ನೊಂದರಾಗ ಸೇರಿರತಾವು," ಎಂದರು.

ಅಂದು ಊಟ ಅರ್ಧಕ್ಕೇ ನಿಂತಿತು. ಮನೆಯಲ್ಲಿ ಹೆಂಡತಿ ಕುಲ್ಸುಂಬೀ ವಿಷಯ ಕೇಳಿ, "ಮೂವತ್ತು ವರ್ಷದಾಗ ಯಾರೂ ಕೇಳಿಲ್ಲ. ಈಗ ನೀವ್ಯಾಕ ಎಬ್ಬಿಸಾಕ ಹೋಗ್ತೀರಿ?" ಎಂದರು. ಲಾಲಸಾಬ್ ಪುಸ್ತಕವನ್ನು ಚೀಲಕ್ಕೆ ಹಾಕಿದರು. ಮರುದಿನ ಬೆಳಿಗ್ಗೆ ಆಸ್ಫಿಯಾಳನ್ನು ಕರೆದುಕೊಂಡು ಆ ಕಾಲೇಜಿಗೆ ಹೋದರು.

ಗ್ರಂಥಪಾಲಕಿ ಜ್ಯೋತಿ ಹಳೆಯ ಫೈಲು ಹುಡುಕಿ, 1994ರಲ್ಲಿ ಬೈಂಡಿಂಗಿಗೆ ಕಳಿಸಿದ ಮೂವತ್ತೇಳು ಪುಸ್ತಕಗಳ ಪಟ್ಟಿ ತೆಗೆದಳು. ಅದರಲ್ಲಿ ರಾಜ್ಯಶಾಸ್ತ್ರದವು ಮೂರು. ಎರಡು ಅಲ್ಲೇ ಕಪಾಟಿನಲ್ಲಿದ್ದವು, ಎರಡೂ ಸರಿಯಾಗಿದ್ದವು. ಮೂರನೆಯದು ಚುನಾವಣೆ ಮತ್ತು ಬಹುಮತದ ಬಗ್ಗೆ ಬರೆದದ್ದು. ಅದನ್ನು ಎಂಟು ವರ್ಷದ ಹಿಂದೆ, ಇಲ್ಲಿ ಯಾರೂ ಓದುತ್ತಿಲ್ಲವೆಂದು, ಇತರ ಪುಸ್ತಕಗಳ ಜೊತೆ ಸಿರುಗುಪ್ಪದ ಒಂದು ಕಾಲೇಜಿಗೆ ಕೊಟ್ಟಿದ್ದರು.

ಸೋಮವಾರ ಅಂಗಡಿ ಮುಚ್ಚಿ ಲಾಲಸಾಬ್ ಒಬ್ಬರೇ ಸಿರುಗುಪ್ಪದ ಬಸ್ಸು ಹತ್ತಿದರು. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಭತ್ತದ ನಾಟಿ ನಡೆದಿತ್ತು. ಕಾಲೇಜಿನ ಗ್ರಂಥಪಾಲಕ ವಿರೂಪಾಕ್ಷಿ ನಡುವಯಸ್ಸಿನವನು, ಮಾತು ಕಡಿಮೆ. ಪೂರ್ತಿ ಕೇಳಿಸಿಕೊಂಡು, ಏಣಿ ಹಾಕಿ, ಮೇಲಿನ ಸಾಲಿನಿಂದ ಪುಸ್ತಕ ಇಳಿಸಿ, ಧೂಳು ಒರೆಸಿ ಕೊಟ್ಟನು.

"ಇಲ್ಲಿಗೆ ಬಂದ ಮ್ಯಾಲೆ ಇದನ್ನ ಒಬ್ರೂ ಒಯ್ದಿಲ್ರಿ," ಎಂದನು.

ಲಾಲಸಾಬ್ ನೇರವಾಗಿ 177 ತೆರೆದರು. ಎದುರಾದದ್ದು ಸಾಲು ಸಾಲು ಚಿಹ್ನೆ, ಅಂಕಿ. ಅದರ ಸುತ್ತ ಅಂಚಿನಲ್ಲಿ ಸಣ್ಣ ಪೆನ್ಸಿಲ್ ಅಕ್ಷರ. ಕನ್ನಡದ್ದು. 'ತಿಳಿಯಲಿಲ್ಲ.' ಮುಂದಿನ ಪುಟದಲ್ಲಿ 'ಮತ್ತೆ ಓದಬೇಕು.' ಅದರ ಕೆಳಗೆ ದಿನಾಂಕ. ಹತ್ತು ದಿನ ಬಿಟ್ಟು ಇನ್ನೊಂದು ದಿನಾಂಕ, 'ಮೂರನೇ ಸಲ. ತಿಳಿಯಲಿಲ್ಲ.' 185ರಲ್ಲಿ ಅಂಚಿನ ತುಂಬ ಯಾವುದೋ ಹೆಸರುಗಳ ಮೊದಲಕ್ಷರ ಬರೆದು, ಹೊಡೆದು, ಮತ್ತೆ ಬರೆದಿತ್ತು. 192ರ ಕೊನೆಯಲ್ಲಿ 'ಇದು ನನ್ನಿಂದ ಆಗುವುದಲ್ಲ.' ಆ ಪುಸ್ತಕದಲ್ಲಿ ಲಾಲಸಾಬರಿಗೆ ಓದಲು ಬಂದದ್ದು ಈ ಕೆಲವು ಸಾಲು ಮಾತ್ರ. ಅವರು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತರು.

ಬಳ್ಳಾರಿಯ ಕಾಲೇಜಿನ ಹಳೆಯ ಚೀಟಿ ಇನ್ನೂ ಪುಸ್ತಕದ ಹಿಂದೆ ಅಂಟಿಕೊಂಡಿತ್ತು. 1994ರ ನಂತರ ಅದರಲ್ಲಿ ಒಂದೇ ಹೆಸರು, ನಾಲ್ಕು ಸಲ: ಸಾವಂತ್ರಮ್ಮ, ಹಳೆಯ ವಿದ್ಯಾರ್ಥಿನಿ, ಕುರುಗೋಡು.

"ಈ ಅಮ್ಮ ಯಾರು ಗೊತ್ತೇನ್ರಿ?" ಎಂದು ಕೇಳಿದರು.

ವಿರೂಪಾಕ್ಷಿ ಚೀಟಿ ನೋಡಿ ತಲೆಯಾಡಿಸಿದನು. "ನಮ್ಮ ಅಕ್ಕನ ಮನಿ ಕುರುಗೋಡದಾಗ ಐತ್ರಿ. ಕೇಳಿ ಹೇಳ್ತೀನಿ. ಈ ಹೆಸರಿನ ಟೀಚರ್ ಒಬ್ರು ಅದಾರ ಅನಸ್ತೈತಿ." ರಿಪೇರಿಗೆಂದು ಬರೆದುಕೊಂಡು ಪುಸ್ತಕವನ್ನು ಅವರ ಕೈಗೆ ಕೊಟ್ಟನು. ಎರಡು ದಿನ ಬಿಟ್ಟು ಫೋನ್ ಮಾಡಿ ಮನೆಯ ಗುರುತನ್ನೂ ಹೇಳಿದನು.

ಅದಲುಬದಲಾದ ಫಾರಂಗಳನ್ನು ಸರಿಪಡಿಸಲು ಒಂದು ದಿನ ಸಾಕಿತ್ತು. ಲಾಲಸಾಬ್ ಅದಕ್ಕೆ ಕೈ ಹಚ್ಚಲಿಲ್ಲ. ಶನಿವಾರ ಮಧ್ಯಾಹ್ನ ಪುಸ್ತಕವನ್ನು ಹಾಗೆಯೇ ಚೀಲದಲ್ಲಿಟ್ಟುಕೊಂಡು ಕುರುಗೋಡಿಗೆ ಹೋದರು.

ಸಾವಂತ್ರಮ್ಮ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಐವತ್ತೈದರ ಹತ್ತಿರ ವಯಸ್ಸು. ಆಗಷ್ಟೇ ಶಾಲೆಯಿಂದ ಬಂದು ಕಟ್ಟೆಯ ಮೇಲೆ ಕೂತಿದ್ದರು. ಅಪರಿಚಿತ ಮುದುಕರನ್ನು ನೋಡಿ ಎದ್ದರು.

"ಬರ್ರಿ, ಕೂಡ್ರಿ. ಯಾರ ಮಗನ ಅಡ್ಮಿಷನ್‌ಗೆ ಬಂದೀರಿ?"

"ಅಡ್ಮಿಷನ್ ಅಲ್ಲಮ್ಮ. ನಾನು ಬಳ್ಳಾರಿಯಾಗ ಪುಸ್ತಕ ಬೈಂಡಿಂಗ್ ಮಾಡಾಂವ. ನಿಮಗ ಒಂದು ತಪ್ಪು ಒಪ್ಪಿಸಾಕ ಬಂದೀನಿ."

ಪುಸ್ತಕ ಕೈಗೆ ಕೊಟ್ಟ ಕೂಡಲೇ ಅವರಿಗೆ ಗುರುತು ಹತ್ತಿತು. ತೆರೆಯದೆ ಮೊಣಕಾಲ ಮೇಲೆ ಇಟ್ಟುಕೊಂಡರು. ಲಾಲಸಾಬ್ ಒಂದನ್ನೂ ಬಿಡದೆ ಹೇಳಿದರು: ಎರಡು ಪುಸ್ತಕ ಒಟ್ಟಿಗೆ ಬಿಚ್ಚಿದ್ದು, ಅಂಕಿ ನೋಡಿ ಜೋಡಿಸಿದ್ದು, ಗಣಿತದ ಫಾರಂ ರಾಜಕೀಯದಲ್ಲಿ ಸೇರಿದ್ದು, ಮೊಮ್ಮಗಳು ಕಂಡುಹಿಡಿದದ್ದು. ಅವರು ಮುಗಿಸಿದ ಮೇಲೆ ಸಾವಂತ್ರಮ್ಮ ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಎರಡು ಲೋಟ ಚಹಾ ಇತ್ತು, ಮುಖ ತೊಳೆದುಕೊಂಡಿದ್ದರು.

"ಆಗ ನಾನು ನೌಕರಿ ಸೇರಿ ಎರಡು ವರ್ಷ," ಎಂದರು. "ಹೊರಗಿನಿಂದ ರಾಜ್ಯಶಾಸ್ತ್ರ ಎಂ.ಎ. ಪರೀಕ್ಷೆಗೆ ಕಟ್ಟಿದ್ದೆ. ಪಿಯು ಕಾಲೇಜಿನಾಗ ಲೆಕ್ಚರರ್ ಆಗಬೇಕು ಅಂತಿತ್ತು. ಕನ್ನಡ ಮೀಡಿಯಂದಾಕಿ, ಡಿಕ್ಷನರಿ ಇಟಗೊಂಡು ನೂರಾ ಎಪ್ಪತ್ತಾರು ಪುಟ ಓದಿದೆ. ತಿಳೀತಿತ್ತು. ಅಲ್ಲಲ್ಲಿ ಎ, ಬಿ, ಸಿ ಅಂತ ಹಾಕಿ ಲೆಕ್ಕದ ಥರ ಬರೆದಿದ್ರು, ಅದೂ ತಿಳೀತು. ಅಲ್ಲಿಗೆ ಒಂದು ಅಧ್ಯಾಯ ಮುಗೀತು. ಮುಂದಿನದು ಇನ್ನೂ ಕಠಿಣ ಇರಬೇಕು ಅನಕೊಂಡೆ. ಅದರಾಗ ಸಭೆ, ಸದಸ್ಯರು, ಯಾರ ಪಕ್ಕ ಯಾರು ಕೂಡಬೇಕು ಅಂತ ಐತಿ. ರಾಜಕೀಯನ ಅಲ್ಲೇನು? ನೂರಾ ತೊಂಬತ್ಮೂರಕ್ಕ ಬಂದ್ರ, 'ಮೇಲಿನ ವಿವರಣೆಯಿಂದ ಸಾಮಾನ್ಯ ಓದುಗರಿಗೂ ಸ್ಪಷ್ಟವಾಗುವಂತೆ' ಅಂತ ಸುರುವಾಗತೈತಿ. ಸಾಮಾನ್ಯರಿಗೂ! ನಾನು ಪರೀಕ್ಷೆಗೇ ಕೂಡಲಿಲ್ಲ. ನನಗ ಅಷ್ಟು ತಲಿ ಇಲ್ಲ ಅಂತ ಮನಿಯಾಗ ನಾನ ಹೇಳಿದೆ."

"ಯಾರನ್ನಾದ್ರೂ ಕೇಳಬಹುದಿತ್ತಲ್ಲಮ್ಮ," ಎಂದು ಲಾಲಸಾಬ್ ಮೆಲ್ಲಗೆ ಅಂದರು. ಅಂದ ಮೇಲೆ ಅನ್ನಬಾರದಿತ್ತು ಅನ್ನಿಸಿತು.

"ನಾಚಿಕಿ ಆತು. ಕೇಳಿದ್ರ, ಇಷ್ಟೂ ಗೊತ್ತಿಲ್ದಾಕಿ ಎಂ.ಎ. ಕಟ್ಟ್ಯಾಳ ಅಂತಾರ ಅಂತ. ಸಾಲಿಯಾಗ ದಿನಾ ಮಕ್ಕಳಿಗೆ ಹೇಳ್ತೀನಿ, ತಿಳೀದಿದ್ರ ಕೈ ಎತ್ರಿ ಅಂತ. ನಾನು ಎತ್ತಲಿಲ್ಲ."

"ತಪ್ಪು ನಂದಮ್ಮ."

"ಹೂಂ. ನಿಮ್ಮದ," ಎಂದರು ಸಾವಂತ್ರಮ್ಮ. ಹೋಗಲಿ ಬಿಡಿ ಎನ್ನಲಿಲ್ಲ. ಲಾಲಸಾಬ್ ಚಹಾದ ಲೋಟ ಕೆಳಗಿಟ್ಟು ತಲೆ ಬಗ್ಗಿಸಿ ಕೂತರು. ಎದುರಿನ ಮನೆಯವರು ಒಣಮೆಣಸಿನಕಾಯಿ ಹರವುತ್ತಿದ್ದರು. ಘಾಟು ಗಾಳಿಗೆ ಈ ಕಡೆ ಬರುತ್ತಿತ್ತು. ಸಾವಂತ್ರಮ್ಮ ಪುಸ್ತಕದ 177 ತೆರೆದು ಕೇಳಿದರು:

"ಇಲ್ಲಿ ಇರಬೇಕಾಗಿದ್ದ ಹದಿನಾರು ಪುಟದಾಗ ಏನಿತ್ರಿ?"

"ನನಗ ಇಂಗ್ಲಿಷ್ ಬರಂಗಿಲ್ಲಮ್ಮ."

"ಹಂಗಾದ್ರ ನಾನ ಓದಬೇಕು. ಮುಂದಿನ ಭಾನುವಾರ ನಿಮ್ಮ ಅಂಗಡಿಗೆ ಬರ್ತೀನಿ. ಅಷ್ಟ್ರಾಗ ಸರಿ ಮಾಡಿ ಇಟ್ಟಿರ್ರಿ."

ಆ ವಾರ ಲಾಲಸಾಬ್ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಎರಡೂ ಪುಸ್ತಕದ ದಾರ ಬಿಚ್ಚಿ, ಫಾರಂಗಳನ್ನು ಹರಡಿ, ಪ್ರತಿಯೊಂದರ ಮೊದಲ ಸಾಲು ಕೊನೆಯ ಸಾಲು ಆಸ್ಫಿಯಾಳಿಂದ ಓದಿಸಿದರು. ಅವಳು ಕನ್ನಡದಲ್ಲಿ ಅರ್ಥ ಹೇಳಿ ಸರಿ ಎಂದ ಮೇಲೆಯೇ ಸೂಜಿ ಹಾಕುತ್ತಿದ್ದರು. ಪೆನ್ಸಿಲ್ ಗುರುತು ಅಳಿಸಲೇ ಎಂದು ಅವಳು ಕೇಳಿದಾಗ, "ಅವರ ಕೈಬರಹ. ಅವರನ್ನ ಕೇಳದ ಅಳಿಸಬ್ಯಾಡ," ಎಂದರು.

ಭಾನುವಾರ ಹನ್ನೊಂದಕ್ಕೆ ಸಾವಂತ್ರಮ್ಮ ಬಂದರು. ಚೀಲದಲ್ಲಿ ಬುತ್ತಿ ಇತ್ತು, ದಪ್ಪನೆಯ ಡಿಕ್ಷನರಿ ಇತ್ತು. ಲಾಲಸಾಬ್ ಬಾಗಿಲ ಬಳಿ ಬೆಳಕಿರುವಲ್ಲಿ ಕುರ್ಚಿ ಹಾಕಿಕೊಟ್ಟರು. ಸಾವಂತ್ರಮ್ಮ ರಾಜಕೀಯದ ಪುಸ್ತಕದ 177 ತೆರೆದು ಓದತೊಡಗಿದರು. ಡಿಕ್ಷನರಿಯನ್ನು ಎರಡು ಸಲ ತೆರೆದರು, ಆಮೇಲೆ ಪಕ್ಕಕ್ಕೆ ಸರಿಸಿದರು. ಒಂದೂವರೆ ತಾಸಿನಲ್ಲಿ ಹದಿನಾರು ಪುಟ ಮುಗಿಯಿತು.

"ಇಷ್ಟೇ?" ಎಂದರು. ಪುಸ್ತಕ ಮುಚ್ಚಿ ಇನ್ನೊಂದು ಸಲ ಅಂದರು, "ಇಷ್ಟೇ ಇತ್ತು."

ತಾತನ ಪಕ್ಕದಲ್ಲಿದ್ದ ಆಸ್ಫಿಯಾ ಕೇಳಿದಳು, "ಏನೈತ್ರಿ ಟೀಚರ್ ಅದರಾಗ?"

ಸಾವಂತ್ರಮ್ಮ ಮೇಜಿನ ಮೇಲಿದ್ದ ಮೂರು ರಟ್ಟಿನ ತುಂಡು ಎತ್ತಿಕೊಂಡರು. ಶಾಲೆಯಲ್ಲಿ ಹೇಳುವ ದನಿಯಲ್ಲೇ ಹೇಳಿದರು. "ಒಂದು ವಾರ್ಡಿನಾಗ ಮೂರು ಮಂದಿ ಅದಾರ ಅನ್ರಿ. ಬೇಕಾಗಿರೋದು ರಸ್ತಿ, ನಳ, ಚರಂಡಿ. ಒಬ್ಬಗ ಮೊದಲು ರಸ್ತಿ, ಆಮ್ಯಾಲೆ ನಳ, ಕಡೀಕ ಚರಂಡಿ. ಇನ್ನೊಬ್ಬಗ ಮೊದಲು ನಳ, ಆಮ್ಯಾಲೆ ಚರಂಡಿ, ಕಡೀಕ ರಸ್ತಿ. ಮೂರನೇದವಗ ಚರಂಡಿ, ರಸ್ತಿ, ನಳ. ಈಗ ಎರಡೆರಡಾಗಿ ಓಟು ಹಾಕ್ಸಿರಿ. ರಸ್ತಿನೋ ನಳನೋ ಅಂದ್ರ ಇಬ್ಬರು ರಸ್ತಿ ಅಂತಾರ. ನಳನೋ ಚರಂಡಿನೋ ಅಂದ್ರ ಇಬ್ಬರು ನಳ. ಹಂಗಾದ್ರ ಎಲ್ಲಕ್ಕಿಂತ ರಸ್ತಿ ಮೇಲಲ್ಲ? ಆದ್ರ ಚರಂಡಿನೋ ರಸ್ತಿನೋ ಅಂತ ಕೇಳಿದ್ರ, ಇಬ್ಬರು ಚರಂಡಿ!"

ಲಾಲಸಾಬ್ ರಟ್ಟುಗಳನ್ನು ತಾವೇ ಜೋಡಿಸಿ, ಬದಲಿಸಿ, ಬೆರಳು ಮಡಿಸಿ ನೋಡಿದರು. "ಮೂವರೂ ಸರಿಯಾಗೇ ಹೇಳ್ಯಾರ. ಒಟ್ಟು ಕೂಡಿಸಿದ್ರ ಮಾತ್ರ ಕೂಡವಲ್ದು."

"ಅದನ್ನ ಹೇಳಾಕ ಅವರು ಹದಿನಾರು ಪುಟ ಬರದಾರ," ಎಂದು ಸಾವಂತ್ರಮ್ಮ ಮೊದಲ ಸಲ ನಕ್ಕರು.

ಆಗ ಆಸ್ಫಿಯಾ ಗಣಿತದ ಪುಸ್ತಕ ತಂದು 185ನೇ ಪುಟ ಅವರ ಮುಂದೆ ಹಿಡಿದಳು. "ಇದು ನೀವು ಬರದದ್ದಲ್ರಿ? ನಾಲ್ಕು ಮಂದಿ ಸದಸ್ಯರು ಸಾಲಾಗಿ ಕೂಡಬೇಕು, ಅವರಾಗ ಇಬ್ಬರು ಪಕ್ಕಪಕ್ಕ ಕೂಡಂಗಿಲ್ಲ, ಎಷ್ಟು ರೀತಿ ಕೂಡಿಸಬಹುದು ಅಂತ ಲೆಕ್ಕ. ನೀವು ನಾಲ್ಕು ಹೆಸರಿನ ಅಕ್ಷರ ಇಟಗೊಂಡು ಒಂದೊಂದ ಬರದೀರಿ. ಕೂಡದ್ದು ಹೊಡದೀರಿ. ಹನ್ನೆರಡು ಉಳದಾವು."

"ನನ್ನ ಕ್ಲಾಸಿನ ಹುಡುಗ್ಯಾರ ಹೆಸರು. ಇಬ್ಬರು ದಿನಾ ಜಗಳಾಡ್ತಿದ್ರು."

"ಹನ್ನೆರಡು ಸರಿ ಐತ್ರಿ ಟೀಚರ್. ಉತ್ತರ ಅದೇ ಐತಿ."

ಸಾವಂತ್ರಮ್ಮ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡು ತಮ್ಮದೇ ಹಳೆಯ ಅಕ್ಷರಗಳನ್ನು ಒಂದೊಂದಾಗಿ ಎಣಿಸಿದರು. ಹನ್ನೆರಡು ಇತ್ತು. "ಸರಿ ಅಂತ ಗೊತ್ತಿದ್ದಿದ್ರ..." ಎಂದು ಶುರು ಮಾಡಿ ಅಲ್ಲಿಗೇ ಬಿಟ್ಟರು. ಅಳಿಸಬೇಕೇ ಎಂದು ಆಸ್ಫಿಯಾ ಕೇಳಿದಾಗ, "ತಿಳಿಯಲಿಲ್ಲ ಅಂತ ಬರದಿದ್ದೆಲ್ಲ ಅಳಸವ್ವ. ಈ ಲೆಕ್ಕ ಇರಲಿ," ಎಂದರು.

ಊಟ ಮೂವರೂ ಅಲ್ಲೇ ಮಾಡಿದರು. ಬುತ್ತಿಯ ರೊಟ್ಟಿಯ ಜೊತೆ ಕುಲ್ಸುಂಬೀ ಕಳಿಸಿದ ಬದನೆಕಾಯಿ ಪಲ್ಯ. ಉಣ್ಣುವಾಗಲೇ ಸಾವಂತ್ರಮ್ಮ ಪುಸ್ತಕದ ಬಗ್ಗೆ ತಕರಾರು ತೆಗೆದರು. ಓಟು ಹೀಗೆ ಸುತ್ತು ಹೊಡೆದಾಗ ತೀರ್ಮಾನವನ್ನು ಅಧ್ಯಕ್ಷರಿಗೆ ಬಿಡಬೇಕು ಎಂದು ಲೇಖಕರು 190ರಲ್ಲಿ ಬರೆದಿದ್ದರಂತೆ.

"ಇದನ್ನ ನಾನು ಒಪ್ಪಂಗಿಲ್ಲ. ನಮ್ಮ ಸಾಲಿ ಕಮಿಟಿಯಾಗ ನೋಡೀನಿ. ಅಧ್ಯಕ್ಷರು ಯಾವುದನ್ನ ಮೊದಲು ಓಟಿಗೆ ಹಾಕ್ತಾರೋ ಅದರ ಮ್ಯಾಲೆ ಎಲ್ಲಾ ನಿಂತಿರತೈತಿ. ಅವರಿಗೆ ಬಿಟ್ರ, ಬೇಕಾದ್ದನ್ನ ಗೆಲ್ಲಿಸ್ತಾರ."

"ಮತ್ತ ಯಾರಿಗೆ ಬಿಡಬೇಕ್ರಿ? ಯಾರಾದ್ರೂ ಒಬ್ರು ಮುಗಿಸಲೇಬೇಕಲ್ಲ," ಎಂದಳು ಆಸ್ಫಿಯಾ.

"ಮತ್ತ ಕೂಡಿ ಮಾತಾಡಬೇಕು. ಮೊದಲಿನ ಇಷ್ಟನ ಬದಲಾಗಬಹುದು. ಈ ಲೇಖಕರು ಮಂದಿ ಮನಸ್ಸು ಬದಲಾಗೂದನ್ನ ಲೆಕ್ಕಕ್ಕ ಹಿಡದ ಇಲ್ಲ."

"ಬದಲಾದ್ರೂ ಮತ್ತ ಸುತ್ತು ಹೊಡದ್ರ?"

ಇಬ್ಬರೂ ಉಂಡ ಕೈಯನ್ನು ಒಣಗಿಸಿಕೊಂಡೇ ವಾದಿಸುತ್ತಿದ್ದರು. ಸಾವಂತ್ರಮ್ಮನವರ ದನಿ ರಸ್ತೆಗೂ ಕೇಳುತ್ತಿತ್ತು. ಆಸ್ಫಿಯಾ ಅರ್ಧ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು, ಅವರು ಅದನ್ನು ತಡೆದು, "ಕನ್ನಡದಾಗ ಹೇಳು. ಹೇಳಾಕ ಬರಲಿಲ್ಲ ಅಂದ್ರ ನಿನಗೂ ತಿಳಿದಿಲ್ಲ ಅಂತ," ಎನ್ನುತ್ತಿದ್ದರು. ಲಾಲಸಾಬ್ ಎದ್ದು ಇಬ್ಬರಿಗೂ ಕೈಗೆ ನೀರು ಹಾಕಿದರು. ಸಾವಂತ್ರಮ್ಮ ಒರೆಸಿಕೊಂಡು, "ಒಂದು ಬಿಳೇ ಹಾಳಿ ಇದ್ರ ಕೊಡ್ರಿ," ಎಂದರು. ಲಾಲಸಾಬ್ ಒಳ್ಳೆಯ ದಪ್ಪ ಕಾಗದದ ನಾಲ್ಕು ಹಾಳೆ ಕತ್ತರಿಸಿ ಕೊಟ್ಟರು. ಸಾವಂತ್ರಮ್ಮ ಮೇಲೆ ತಮ್ಮ ಹೆಸರು, ತಾರೀಖು ಹಾಕಿ, ಲೇಖಕರು ಎಲ್ಲಿ ತಪ್ಪಿದ್ದಾರೆ ಎಂದು ಬರೆಯಲು ಶುರು ಮಾಡಿದರು.