ಲರ್ನಿಹನ್ನನ ಮಟ್ಟು

ಫಿಡೆಲ್ಮಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು, ಅಟ್ರಾಕ್ಟಾ ಅದರ ಮೇಲೆ ಹಂದಿಮಾಂಸದ ತೆಳು ಹೋಳು ಇಡುತ್ತಿದ್ದಳು. ಇಪ್ಪತ್ತು ನಿಮಿಷದಿಂದ ಇಬ್ಬರ ನಡುವೆ ಮಾತಿಲ್ಲ. ಬೆಣ್ಣೆ ನಾಲ್ಕೂ ಮೂಲೆ ಮುಟ್ಟಬೇಕೆಂದು ಫಿಡೆಲ್ಮಾ ತನಗೆ ತಾನೇ ಕಟ್ಟಳೆ ಹಾಕಿಕೊಂಡಿದ್ದಳು. ಮೂಲೆ ನೋಡುತ್ತಿದ್ದರೆ ಅಟ್ರಾಕ್ಟಾಳ ಮುಖ ನೋಡಬೇಕಾಗಿರಲಿಲ್ಲ.

ಇಗರ್ಜಿಯ ಸಭಾಭವನದ ಅಡುಗೆಮನೆ ಅದು. ಕಿಟಕಿಯಾಚೆ, ಗೇಟಿನ ಪಕ್ಕದಲ್ಲಿ, ಹಸಿರು ಟಾರ್ಪಾಲು ಹೊದ್ದ ಕಲ್ಲು. ಮೂರು ಗಂಟೆಗೆ, ಸಭೆ ಮುಗಿದ ಮೇಲೆ, ಪಾದ್ರಿಗಳು ಟಾರ್ಪಾಲು ತೆಗೆಯುತ್ತಾರೆ. ಅಡಿಯಲ್ಲಿ ಏನಿದೆ ಎಂದು ಊರಿಗೆಲ್ಲ ಗೊತ್ತು. ಅಟ್ರಾಕ್ಟಾಳ ಅಪ್ಪನ ಹೆಸರು: ಟೈಗ್ ಲರ್ನಿಹನ್, ಪಿಟೀಲುಗಾರ. ಹುಟ್ಟಿದ ವರ್ಷ, ಸತ್ತ ವರ್ಷ. ಕೆಳಗೆ, ಅವನ ಹೆಸರನ್ನು ಅಮೆರಿಕದವರೆಗೂ ಒಯ್ದ ಮಟ್ಟಿನ ಮೊದಲ ಎಂಟು ಸ್ವರ.

ಆ ಎಂಟು ಸ್ವರ ಫಿಡೆಲ್ಮಾಳವು. ಇದು ಮಾತ್ರ ಯಾರಿಗೂ ಗೊತ್ತಿಲ್ಲ.

ಹನ್ನೆರಡು ವರ್ಷದ ಹಿಂದೆ ಹಿಮ ಬಿದ್ದು ಶಾಲೆ ಮೂರು ದಿನ ಮುಚ್ಚಿತ್ತು. ತನ್ನ ಮನೆಯ ಅಡುಗೆಮನೆಯಲ್ಲಿ ಕೋಟು ಹಾಕಿಕೊಂಡೇ ಪಿಟೀಲು ಹಿಡಿದು ಕೂತು ಅವಳು ಆ ಮಟ್ಟನ್ನು ಮಾಡಿದ್ದಳು. ಆಗ ಅವಳಿಗೆ ಮೂವತ್ತೊಂದು. ಬೇರೆಯವರು ಬರೆದ ಭೂಗೋಳ ಪಾಠ ಮಾಡುತ್ತ, ಬೇರೆಯವರ ಮಟ್ಟು ನುಡಿಸುತ್ತ, ಚಿಕ್ಕಮ್ಮ ಬಿಟ್ಟುಹೋದ ಮನೆಯಲ್ಲಿ ಇದ್ದವಳು. ತಾನಾಗಿ ಮಾಡಿದ ವಸ್ತು ಅದೊಂದೇ.

ಆ ಶನಿವಾರ ಸೇತುವೆಯ ಪಬ್ಬಿನಲ್ಲಿ ನುಡಿಸಿದಳು. ಮುಗಿದಾಗ ಮೂಲೆಯ ಮುದುಕರೊಬ್ಬರು ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

“ಚೆನ್ನಾಗಿದೆ ಕಣಮ್ಮ. ಯಾರಿಂದ ಸಿಕ್ತು?”

ಕ್ಲೇರ್ ಸೀಮೆಯಲ್ಲಿ ಮಟ್ಟು ಇನ್ನೊಬ್ಬರಿಂದ ಸಿಗಬೇಕು. ಮಾಡಬಾರದು ಎಂದು ಯಾರೂ ಹೇಳುವುದಿಲ್ಲ, ಮಾಡಿದವನನ್ನು ಸುಮ್ಮನೆ ನೋಡುತ್ತಾರೆ. ‘ನಾನೇ ಮಾಡಿದ್ದು’ ಎಂದು ಒಮ್ಮೆ ಬಾಯಿಬಿಟ್ಟ ದನದ ಡಾಕ್ಟರನ್ನು ಇಂದಿಗೂ ಮೊಜಾರ್ಟ್ ಡಾಕ್ಟ್ರು ಎನ್ನುತ್ತಾರೆ. ಆತನ ಮಟ್ಟನ್ನು ಆತನ ಹೆಂಡತಿಯೂ ಗುನುಗಿದ್ದಿಲ್ಲ.

ಟೈಗ್ ಲರ್ನಿಹನ್ನನನ್ನು ಮಣ್ಣು ಮಾಡಿ ಎರಡು ವಾರವಾಗಿತ್ತು. ಹೆಸರು ನಾಲಿಗೆಯ ಮೇಲೇ ಇತ್ತು.

“ಟೈಗ್‌ನಿಂದ,” ಎಂದಿದ್ದಳು.

ಎಲ್ಲರೂ ಲೋಟ ಕೆಳಗಿಟ್ಟು ಪಿಟೀಲು ಎತ್ತಿಕೊಂಡಿದ್ದರು.

ಟೈಗನ ಮನೆಗೆ ಅವಳು ಕಲಿಯಲೆಂದು ಹೋದದ್ದು ಎರಡೇ ಸಲ. ಎರಡು ಸಲವೂ ಪಿಟೀಲು ಗೋಡೆಯಿಂದ ಇಳಿಯಲಿಲ್ಲ. ಒಂದು ಹಸುವಿನ ಕೆಮ್ಮಿನ ವಿಷಯ ಸುದೀರ್ಘವಾಗಿ ಹೇಳಿ ಕಳಿಸಿದ್ದ.

ಅಡುಗೆಮನೆಯ ಬಾಗಿಲು ತೆರೆಯಿತು. ಡಬ್ಲಿನ್ನಿನ ಸಂಗೀತ ಸಂಗ್ರಹಾಲಯದಿಂದ ಬಂದ ಫರ್ಗಲ್. ತೆಳ್ಳನೆಯ ಮನುಷ್ಯ, ಕಂಕುಳಲ್ಲಿ ಟೇಪಿನ ಪೆಟ್ಟಿಗೆ.

“ಟೀ ಸಿಗುತ್ತಾ?”

“ಕೂತ್ಕೊಂಡ್ರೆ ಸಿಗುತ್ತೆ, ನಿಂತ್ಕೊಂಡ್ರೆ ಬಯ್ಗುಳ ಸಿಗುತ್ತೆ,” ಎಂದಳು ಅಟ್ರಾಕ್ಟಾ. ಅವನು ಕೂತ.

“ನಿಮ್ಮ ತಂದೆಯವರ ನಾಲ್ಕು ಟೇಪು ಸಿಕ್ಕಿವೆ. ಯಾರದೋ ಅಟ್ಟದಲ್ಲಿದ್ವು. ಪೂರ್ತಿ ಕೇಳಿದೆ.”

“ಹೇಗಿದೆ?” ಎಂದಳು ಫಿಡೆಲ್ಮಾ. ಚಾಕು ಮೂಲೆಯಲ್ಲೇ ನಿಂತಿತ್ತು.

“ಅದ್ಭುತ. ಒಂದು ವಿಷಯ ಮಾತ್ರ ವಿಚಿತ್ರ.” ಅವನು ಅವಳನ್ನೇ ನೋಡಿದ. “ಸಭೇಲೇ ಕೇಳ್ತೀನಿ ಬಿಡಿ. ನೀವಿರ್ತೀರಲ್ಲ?”

“ಇರ್ತೀನಿ.”

“ಎಲ್ಲಿಗೆ ಹೋಗ್ತಾಳೆ, ಪಾಪ,” ಎಂದಳು ಅಟ್ರಾಕ್ಟಾ.

ಓಡಿಹೋಗಬಹುದಿತ್ತು. ಕಾರು ಹೊರಗೇ ಇತ್ತು. ಆದರೆ ನಲವತ್ಮೂರು ವರ್ಷದ ಭೂಗೋಳದ ಟೀಚರು ಎಲ್ಲಿಗೆ ಓಡುತ್ತಾಳೆ? ಪಶ್ಚಿಮಕ್ಕೆ ಹತ್ತು ನಿಮಿಷ ಓಡಿದರೆ ಕಡಲು. ಸಭೆ ಶುರುವಾದಾಗ ಅವಳು ಎರಡನೆಯ ಸಾಲಿನಲ್ಲಿ ಕೂತಳು.

ಫರ್ಗಲ್ ಟೇಪು ಹಾಕಿದ. ಚರಚರ ಸದ್ದು, ಕೋಳಿಯೊಂದರ ಕೂಗು, ಆಮೇಲೆ ಪಿಟೀಲು. ಮುದುಕರು ಕಣ್ಣು ಮುಚ್ಚಿಕೊಂಡರು. ಟೈಗ್ ನುಡಿಸುತ್ತಿದ್ದುದನ್ನು ಫಿಡೆಲ್ಮಾ ಕೇಳಿದ್ದು ಅದೇ ಮೊದಲು. ಒರಟು ಕಮಾನು. ತನ್ನ ಮಟ್ಟಿಗೂ ಈ ಕೈಗೂ ಏನೇನೂ ಸಂಬಂಧವಿಲ್ಲ ಎನ್ನುವುದು ಕುರುಡನಿಗೂ ಕಾಣುತ್ತಿತ್ತು.

ಫರ್ಗಲ್ ಟೇಪು ನಿಲ್ಲಿಸಿದ.

“ಒಟ್ಟು ಮೂವತ್ತಾರು ಮಟ್ಟು ಇದೆ. ಕಲ್ಲಿನ ಮೇಲೆ ಕೊರೆದಿರೋದು ಇದರಲ್ಲಿಲ್ಲ. ಅದು ಮೊದಲು ಸಿಕ್ಕಿದ್ದು ಯಾರಿಗೆ?”

ತಲೆಗಳು ಅವಳ ಕಡೆ ತಿರುಗಿದವು. ಕ್ರೂರವಾಗಿಯಲ್ಲ, ದಾರಿ ಕೇಳಿದವನಿಗೆ ಮನೆ ತೋರಿಸುವ ಹಾಗೆ.

ಅವಳು ಎದ್ದು ನಿಂತಳು. ಎರಡು ಪದ ಹನ್ನೆರಡು ವರ್ಷದಿಂದ ಸಿದ್ಧವಾಗಿದ್ದವು. ಸ್ನಾನದ ಮನೆಯಲ್ಲಿ, ಕಾರಿನಲ್ಲಿ, ಮಕ್ಕಳ ಉತ್ತರಪತ್ರಿಕೆಗಳ ಮುಂದೆ ಅವನ್ನು ಹೇಳಿ ನೋಡಿದ್ದಳು. ಅದು ನನ್ನದು. ಇನ್ನು ಹೇಳಿಬಿಟ್ಟರೆ ಮುಗಿಯಿತು. ಕಲ್ಲು, ಪಾದ್ರಿ, ಅಟ್ರಾಕ್ಟಾ, ಎಲ್ಲ ಮುಗಿಯಿತು. ಆದರೆ ಮಟ್ಟು ಮನೆಗೆ ಬರುತ್ತದೆ.

“ಅದು...” ಎಂದಳು.

“ಮೆಷೀನಿನ ಮುಂದೆ ಅಪ್ಪ ಅದನ್ನ ನುಡಿಸ್ತಿರಲಿಲ್ಲ.”

ಹಿಂದಿನಿಂದ ಬಂದ ದನಿ ಅಟ್ರಾಕ್ಟಾಳದು. ಕೈಯಲ್ಲಿ ಟೀ ಕೆಟಲು.

“ಕೊಟ್ಟಿಗೇಲಿ ನುಡಿಸ್ತಿದ್ರು. ಅಮ್ಮ ಹಾಲು ಕರೆಯೋವಾಗ. ಹಸು ಒದೀಬಾರ್ದು ಅಂತ. ನಾನು ಅದನ್ನ ಕೇಳ್ಕೊಂಡೇ ನಿದ್ದೆ ಹೋಗ್ತಿದ್ದೆ.”

ಫರ್ಗಲ್ ಪೆನ್ನು ತೆಗೆದ. “ಆಗ ನಿಮಗೆಷ್ಟು ವಯಸ್ಸು?”

“ಎರಡಿದ್ದಿರಬಹುದು.”

“ಎರಡು ವರ್ಷದ್ದು ನೆನಪಿದೆಯಾ?”

“ನಿಮ್ಮ ಹಾಗೆ ಬರ್ಕೊಂಡಿದ್ರೆ ಮರ್ತುಹೋಗ್ತಿತ್ತು.”

ಸಭೆ ನಕ್ಕಿತು. ಫರ್ಗಲ್ ಕೂಡ ನಕ್ಕು, ಬರೆದುಕೊಂಡ. ಕೊಟ್ಟಿಗೆ. ಹಸು. ಮಗಳ ಸಾಕ್ಷಿ. ಫಿಡೆಲ್ಮಾ ಇನ್ನೂ ನಿಂತೇ ಇದ್ದಳು. ಪಕ್ಕದವರು ಅವಳ ಕೋಟು ಜಗ್ಗಿದರು.

ಕೂತಾಗ ಮೈಯೆಲ್ಲ ಹಗುರವಾಯಿತು. ಇಂಥ ಹಗುರ ಯಾವತ್ತೂ ಅನುಭವಿಸಿರಲಿಲ್ಲ. ಬೆಳಗಿನಿಂದ ಏನೂ ತಿಂದಿಲ್ಲವೆಂದು ನೆನಪಾಯಿತು.

ಕಲ್ಲಿನ ಟಾರ್ಪಾಲು ತೆಗೆಯುವಾಗ ಗಾಳಿ ಅದನ್ನು ಪಾದ್ರಿಗಳ ತಲೆಗೇ ಸುತ್ತಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಎಂಟು ಸ್ವರ ಚೆನ್ನಾಗಿ ಕೊರೆದಿದ್ದರು. ಆಳವಾಗಿ, ನೀರು ನಿಲ್ಲುವಷ್ಟು.

ಅಡುಗೆಮನೆಯಲ್ಲಿ ಅಟ್ರಾಕ್ಟಾ ಒಬ್ಬಳೇ ಲೋಟ ತೊಳೆಯುತ್ತಿದ್ದಳು.

“ಅಟ್ರಾಕ್ಟಾ, ಕೊಟ್ಟಿಗೇಲಿ...”

“ಒರೆಸೋ ಬಟ್ಟೆ ಅಲ್ಲಿದೆ.”

ಫಿಡೆಲ್ಮಾ ಬಟ್ಟೆ ತೆಗೆದುಕೊಂಡಳು. “ನಿಜವಾಗ್ಲೂ ಕೇಳಿದ್ದೆಯಾ?”

“ಕಲ್ಲು ಚೆನ್ನಾಗಿ ಬಂದಿದೆ, ಅಲ್ವೇನೇ?” ಎಂದಳು ಅಟ್ರಾಕ್ಟಾ. ಮುಖ ಸೋಪಿನ ನೀರಿನ ಕಡೆಗಿತ್ತು. “ಅಪ್ಪನ ಬಗ್ಗೆ ಈ ಊರಿಗೆ ನೆನಪಿದ್ದಿದ್ದು ಕುಡಿತ ಒಂದೇ. ಈಗ ನೋಡು.”

“ಚೆನ್ನಾಗಿ ಬಂದಿದೆ.”

ಅಟ್ರಾಕ್ಟಾ ತೊಳೆದ ಲೋಟ ಕೈಗೆ ಕೊಟ್ಟಳು, ಫಿಡೆಲ್ಮಾ ಒರೆಸಿದಳು. ಬೆಳಗಿನ ಮೌನ ಇದಲ್ಲ, ಇದು ಬೆಚ್ಚಗಿತ್ತು. ಇವಳು ಸುಳ್ಳು ಹೇಳಿದಳೋ, ನಿಜಕ್ಕೂ ಕೇಳಿದ ಹಾಗೆ ನೆನಪಾಗಿದೆಯೋ? ಮೂರನೆಯದೊಂದು ಇತ್ತು: ಟೈಗ್ ಕೊಟ್ಟಿಗೆಯಲ್ಲಿ ನುಡಿಸಿಯೇ ಇದ್ದ; ಹಿಮ ಬಿದ್ದ ದಿನ ತಾನು ಮಾಡಿದ್ದು ಎಲ್ಲೋ ಕೇಳಿದ್ದನ್ನೇ. ಆ ಯೋಚನೆಯಿಂದ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಹಾಗಿದ್ದರೆ ಅವಳು ಸುಳ್ಳೇ ಹೇಳಿರಲಿಲ್ಲ. ತಾನಾಗಿ ಏನನ್ನೂ ಮಾಡಿಯೂ ಇರಲಿಲ್ಲ. ಲೋಟವನ್ನು ಎರಡು ಸಲ ಒರೆಸಿದಳು.

ಎಲ್ಲರೂ ಕೂಡಿ ನುಡಿಸುವ ಕೂಟಕ್ಕೆ ಮುಂಚೆ, ಹೊರಬಂದು ಪಡಸಾಲೆಯಲ್ಲಿ ಪಿಟೀಲು ಶ್ರುತಿ ಮಾಡಿ, ಬೆರಳು ಬಿಸಿಯಾಗಲೆಂದು ಮಟ್ಟನ್ನು ಮೆಲ್ಲಗೆ ನುಡಿಸಿದಳು. ಎನಿಸ್ ಪೇಟೆಯ ಕೊಳಲುಗಾರ ಮ್ಯಾಲಕಿ ಸಿಗರೇಟು ಆರಿಸಿ ಹತ್ತಿರ ಬಂದ.

“ಟೀಚರಮ್ಮ, ತಪ್ಪು ತಿಳ್ಕೋಬೇಡಿ. ಎರಡನೇ ಭಾಗದಲ್ಲಿ ಆ ಸ್ವರ ಇಳಿಸ್ತೀರಲ್ಲ, ಇಳಿಸಬಾರದು.”

“ಹೌದಾ?”

“ಲರ್ನಿಹನ್ ಇಳಿಸ್ತಿರಲಿಲ್ಲ.”

“ನೀವು ಕೇಳಿದ್ರಾ?”

“ಕೇಳೋದೇನು ಬಂತು, ಆ ಕೈ ಗೊತ್ತಾಗಲ್ವಾ? ಇವತ್ತು ಟೇಪಲ್ಲೇ ಸ್ಪಷ್ಟವಾಗಿತ್ತು. ಇಳಿಸಿದ್ರೆ ಅಳುಮುಂಜಿ ಆಗಿಬಿಡುತ್ತೆ.”

ಆ ಸ್ವರ ಅವಳಿಗೆ ಹಿಮದ ಮೂರನೆಯ ದಿನ ಸಿಕ್ಕಿತ್ತು. ಹೊತ್ತು ಮುಳುಗುವಾಗ, ಕೋಟಿನ ತೋಳು ತಂತಿಗೆ ತಾಗಿ. ಅದಕ್ಕಾಗಿಯೇ ಉಳಿದದ್ದೆಲ್ಲ ಇತ್ತು.

“ಸರಿ, ಇಳಿಸಲ್ಲ,” ಎಂದಳು. ಎಷ್ಟು ಸುಲಭವಾಗಿ ಬಂತು ಮಾತು!

“ಹಾಗ್ಬನ್ನಿ,” ಎಂದು ಮ್ಯಾಲಕಿ ಅವಳ ಭುಜ ತಟ್ಟಿ ಒಳಗೆ ಹೋದ.

ಅವಳು ಕಮಾನಿಗೆ ರಾಳ ಉಜ್ಜಿದಳು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದಳು. ಇನ್ನು ಯಾರೂ ಕೇಳುವುದಿಲ್ಲ. ಹನ್ನೆರಡು ವರ್ಷ ಹಲ್ಲಿನ ಸಂದಿಯಲ್ಲಿದ್ದದ್ದು ಹೋಗಿತ್ತು. ನಾಲಿಗೆ ಮಾತ್ರ ಹೋಗಿ ಹೋಗಿ ಆ ಜಾಗ ಮುಟ್ಟುತ್ತಿತ್ತು.

ಒಳಗೆ ಹೋದಾಗ ಕುರ್ಚಿಗಳು ವೃತ್ತವಾಗಿದ್ದವು. ಹದಿನೇಳು ಹದಿನೆಂಟು ಜನ, ಮೊಣಕಾಲು ಒಳಗೆ, ಬೆನ್ನು ಹೊರಗೆ, ತೋಳಿಗೆ ತೋಳು ತಾಗುವಷ್ಟು ಒತ್ತಾಗಿ. ಯಾರೋ ಕಾಲಿನಿಂದ ತಾಳ ಹಾಕಿದರು. ಆ ಎಂಟು ಸ್ವರ ಎದ್ದವು.

ಎಲ್ಲರೂ ಒಟ್ಟಿಗೆ ನುಡಿಸಿದರು. ಎರಡನೆಯ ಭಾಗದಲ್ಲಿ ಯಾರೂ ಇಳಿಸಲಿಲ್ಲ. ಚೆನ್ನಾಗಿಯೇ ಇತ್ತು. ಗೋಡೆಗೊರಗಿ ಅಟ್ರಾಕ್ಟಾ ಕಣ್ಣು ಮುಚ್ಚಿದ್ದಳು, ಮಗುವಿನ ಹಾಗೆ.

ಫಿಡೆಲ್ಮಾ ಪಿಟೀಲು ಹಿಡಿದು ವೃತ್ತದ ಸುತ್ತ ಒಮ್ಮೆ ನಡೆದಳು. ಎಲ್ಲ ಬೆನ್ನುಗಳೂ ಪರಿಚಯದವೇ. ಮ್ಯಾಲಕಿಯ ಕುರ್ಚಿಯ ಹಿಂದೆ ನಿಂತಳು. ಮಟ್ಟನ್ನು ಮೂರು ಸುತ್ತು ನುಡಿಸಿ ನಿಲ್ಲಿಸುವುದು ರೂಢಿ. ಅವಳು ಕಾದಳು. ಮೂರನೆಯ ಸುತ್ತು ಮುಗಿಯಿತು. ಅವರು ನಿಲ್ಲಿಸದೆ ನಾಲ್ಕನೆಯದಕ್ಕೆ ಹೊರಳಿದರು.

ಅವಳು ಬಗ್ಗಿದಳು.

“ಸ್ವಲ್ಪ ಸರೀತೀರಾ?”