ಸ್ಟೋರ್ ರೂಮಿನ ಆರು ಮಕ್ಕಳು

ಮೇಡಂ, ವಸಿ ಮುಂದಕ್ಕೋಗಿ ಮೇಡಂ, ಕಂಡಕ್ಟರ್ ಕೂಗಿದ್ದು ತನಗೇ ಎಂದು ಸಹನಾಗೆ ತಡವಾಗಿ ಹೊಳೆಯಿತು, ಕೊಡಿಗೇನಹಳ್ಳಿ ಹತ್ತಿರದ ಆ ಶಾಲೆಗೆ ಸೇರಿ ಎಂಟು ತಿಂಗಳು, ಇನ್ನೂ ಮೇಡಂ ಅಂದರೆ ಬೇರೆ ಯಾರನ್ನೋ ಎಂದು ಹಿಂತಿರುಗಿ ನೋಡುತ್ತಾಳೆ, ಎಂಥಾ ಮೇಡಂ, ಮಕ್ಕಳನ್ನು ಬಚ್ಚಿಡುವ ಮೇಡಂ — ಸಂಜೆಯ ಬಸ್ಸು ಮಧುಗಿರಿ ಕಡೆ ಹೊರಳಿತು, ಕೈ ಚಾಚಿ ಕಂಬಿ ಹಿಡಿದಳು, ಬೆಳಿಗ್ಗೆ ಹೆಡ್‌ಮಾಸ್ಟರ್ ನಾಗಲಿಂಗಯ್ಯ ಎಷ್ಟು ಸಲೀಸಾಗಿ ಹೇಳಿದರು, ಸಾಹೇಬ್ರು ತಪಾಸಣೆಗೆ ಬತ್ತವ್ರೆ ಕಣಮ್ಮ, ನಿನ್ ಐದನೇ ಕ್ಲಾಸಲ್ಲಿ ಓದಕ್ಕೆ ಬರ್ದೇ ಇರೋ ಆರು ಜನವ ಸ್ಟೋರ್ ರೂಮಲ್ಲಿ ಕೂರ್ಸ್ಬುಡು, ಅಕ್ಕಿ ಆರಿಸ್ಲಿ, ಎಲ್ರೂ ಓದ್ತಾರೆ ಅಂತ ರಿಪೋರ್ಟ್ ಆಗ್ಲೇ ಹೋಗ್ಯದೆ. ಸಾರ್, ಅಂದಳು, ಅಷ್ಟೇ. ನಿನ್ ಪ್ರೊಬೇಷನರಿ ಮುಗಿದಿಲ್ಲ, ನೆಪ್ಪಿರ್ಲಿ. ಆಮೇಲೆ ಆ ಮಕ್ಕಳನ್ನು ಕರೆದೊಯ್ದವರು ನಾಗಲಿಂಗಯ್ಯನವರಲ್ಲ, ಇವಳೇ, ಇದೇ ಕೈ, ಚಿಲಕ ಹಾಕಿದ್ದೂ ಇದೇ, ಥೂ — ನಾವೇನ್ ತಪ್ಪು ಮಾಡಿದ್ವಿ ಮಿಸ್, ಆ ಆರರಲ್ಲೊಬ್ಬಳಾದ ಭೂಮಿಕಾ ಕೇಳಿದಳು. ಇಪ್ಪತ್ತು ವರ್ಷ ಸರ್ವೀಸಾದ ವನಜಾಕ್ಷಿ ಮೇಡಂ ಬೆನ್ನು ಸವರಿದರು, ಹೊಸದ್ರಲ್ಲಿ ಎಲ್ಲರ್ಗೂ ರಕ್ತ ಕುದೀತದೆ ಕಣಮ್ಮ, ನಾಕು ವರ್ಷ ಹೋಗ್ಲಿ, ತಣ್ಣಗಾಯ್ತದೆ. ತಣ್ಣಗಾಗುವುದೇ ಮೇಷ್ಟ್ರಾಗುವುದಾದರೆ ಅದಕ್ಕೆ ಬೆಂಕಿ ಬೀಳಲಿ.

ಸಾಹೇಬರು ಬಂದರು, ಉಳಿದವರೆಲ್ಲ ಗಿಳಿಗಳ ಹಾಗೆ ಓದಿದರು, ಹೊಸ ಮೇಡಂ ಚೆನ್ನಾಗಿ ಕಲಿಸಿದ್ದೀರಿ ಎಂದರು, ಆ ಹೊಗಳಿಕೆ ಕಪಾಳಕ್ಕೆ ಹೊಡೆದಂತಾಗಿ ಬಾಯಿ ತಾನೇ ಆಡಿತು, ಸಾರ್, ಇನ್ನೂ ಆರು ಜನ ಇದ್ದಾರೆ. ನಾಗಲಿಂಗಯ್ಯನವರು ಹಲ್ಲು ಕಡಿಯುತ್ತಿದ್ದಂತೆಯೇ ಹೋಗಿ ಚಿಲಕ ತೆಗೆದಳು, ಮೊಣಕಾಲಿಗೆ ತೌಡು ಮೆತ್ತಿಕೊಂಡ ಆರು ಮಕ್ಕಳು ಕಣ್ಣು ಕಿರಿದು ಮಾಡಿಕೊಂಡು ಹೊರಬಂದರು, ಓದಮ್ಮ ಎಂದು ಸಾಹೇಬರು ಭೂಮಿಕಾಳ ಮುಂದೆಯೇ ಪುಸ್ತಕ ಹಿಡಿದರು, ಅವಳು ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು, ಹಾಗೇ ನಿಂತಳು. ಯಾರೋ ಕಿಸಕ್ಕೆಂದರು. ಇವಳೂ ಓದುತ್ತಾಳೆ ಸಾರ್, ನಾನು ಕಲಿಸುತ್ತೇನೆ, ಆದರೆ ಬಚ್ಚಿಡುವುದಿಲ್ಲ ಎಂದದ್ದಕ್ಕೆ ಸಂಜೆ ಸಿಕ್ಕಿದ್ದು ಕಾರಣ ಕೇಳುವ ಮೆಮೊ, ನಾಳೆಯೊಳಗೆ ಲಿಖಿತ ಉತ್ತರ, ಬರೆಯುತ್ತಾಳೆ, ಒಂದೂ ಬಿಡದೆ ಬರೆಯುತ್ತಾಳೆ, ಬಾಗಿಲು ಹಾಕಿದವಳು ನಾನೇ ಅಂತಲೂ — ಆದರೆ ಎಂಟು ತಿಂಗಳು ಏನು ಮಾಡಿದೆಯೇ ಸಹನಾ, ಮೊಟ್ಟೆ ಹಂಚಿದ ಫೋಟೊ ಕಳಿಸಿದೆ, ನಮೂನೆ ತುಂಬಿದೆ, ತುಂಬಿ ಸಹಿ ಹಾಕಿದೆ, ಆ ಹುಡುಗಿಗೆ ಒಂದು ಅಕ್ಷರ, ಬರೀ ಒಂದು ಅಕ್ಷರ ಕಲಿಸಲಿಲ್ಲ, ಅವಳು ಬೆರಳಿಟ್ಟದ್ದು ಮ, ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿದ್ದಳು, ಆ ಮ ಅಕ್ಷರದ ಮೇಲೆ, ಆ ಬೆರಳು, ಮುಂದಕ್ಕೆ ಹೋಗದ ಆ ಬೆರಳು