ಅನುಭವಸ್ಥರು ಆರಿಸಿದ ಸಮುದ್ರ

ರಾಣೆಬೆನ್ನೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಆಟೋಟ ಕಲಿಸುವ ವಿಜಯಮಹಾಂತೇಶ ಒಳ್ಳೆಯ ಮನುಷ್ಯರು. ಹದಿನೆಂಟು ವರ್ಷದ ನೌಕರಿಯಲ್ಲಿ ಅವರು ಹೇಳಿದ ದೊಡ್ಡ ಸುಳ್ಳು ಒಂದೇ. ಸೇರಿದ ಹೊಸತರಲ್ಲಿ, ಸ್ಟಾಫ್ ರೂಮಿನ ಟಿ.ವಿ.ಯಲ್ಲಿ ಯಾರೋ ಹಲಗೆಯ ಮೇಲೆ ನಿಂತು ಸಮುದ್ರದ ಅಲೆ ಏರಿ ಬರುವುದನ್ನು ನೋಡಿ, "ಎನ್‌ಸಿಸಿ ಕ್ಯಾಂಪಿನಾಗ ಕಾರವಾರದಾಗ ನಾವೂ ಮಾಡೇವಿ ಬಿಡ್ರಿ" ಎಂದುಬಿಟ್ಟಿದ್ದರು. ಆ ಶಿಬಿರದಲ್ಲಿ ಅವರಿಗೆ ಬಂದದ್ದು ಅಡುಗೆ ಪಾಳಿ. ಸಮುದ್ರವನ್ನು ಉಳ್ಳಾಗಡ್ಡಿ ಹೆಚ್ಚುತ್ತ ದೂರದಿಂದ ನೋಡಿದ್ದರು, ಅದೂ ಕಣ್ಣಲ್ಲಿ ನೀರು ತುಂಬಿಕೊಂಡು.

ಆಮೇಲೆ ಆ ಸುಳ್ಳನ್ನು ಅವರು ಸಾಕಬೇಕಾಗಲಿಲ್ಲ, ಉಳಿದವರೇ ಸಾಕಿದರು. ಹೊಸದಾಗಿ ಬಂದ ಪ್ರತಿಯೊಬ್ಬರಿಗೂ ಆಫೀಸಿನ ಗುಮಾಸ್ತ ಅಲ್ಲಾವುದ್ದೀನ, "ಇವರು ಸಮುದ್ರದ ಮ್ಯಾಲೆ ನಿಂತವರು" ಎಂದೇ ಪರಿಚಯ ಮಾಡಿಕೊಡುತ್ತಿದ್ದ.

ಈ ಸಲ ದಸರಾ ರಜೆಯ ಪ್ರವಾಸದ ಮಾತು ಬಂದಾಗ ಇತಿಹಾಸದ ಕೈಸರ ಮೇಡಂ ಹೇಳಿದರು: "ವರ್ಷಾ ವರ್ಷಾ ಗುಡಿ, ಕೋಟೆ ನೋಡಿ ಸಾಕಾಗೇತಿ. ಈ ಸಲ ಸರ್ಫಿಂಗ್ ಕಲಿಯೋಣು. ತಿಳಿದವರು ನಮ್ಮಲ್ಲೇ ಅದಾರ. ಯಾವ ಬೀಚ್ ಚಲೋ ಅಂತ ಸರ ಆರಿಸಲಿ."

ಅಲ್ಲಾವುದ್ದೀನ ಹಾಳೆ, ಪೆನ್ನು ಹಿಡಿದು ಕುಳಿತೇಬಿಟ್ಟ. "ಗೋಕರ್ಣ ಬರಕೊಳ್ಳಲೇನ್ರಿ ಸರ?"

"ಅಲ್ಲಿ ಕಲ್ಲು ಭಾಳ."

"ಮುರುಡೇಶ್ವರ?"

"ಮಂದಿ ಭಾಳ. ತೆರಿ ಬಿಚ್ಚಿಕೊಳ್ಳಾಕ ಜಾಗಾ ಸಿಗೂದಿಲ್ಲ."

"ಕಾಪು?"

"ಅಲ್ಲಿ ಲೈಟ್‌ಹೌಸ್ ಯಾಕ ಕಟ್ಯಾರ ಹೇಳು? ಅಪಾಯ ಐತಿ ಅಂತನ."

ಒಂದೊಂದು ಊರನ್ನು ತಳ್ಳಿಹಾಕಿದಂತೆಲ್ಲ ಅವರ ಮೇಲಿನ ಗೌರವ ಒಂದೊಂದು ಗೇಣು ಏರಿತು. ಕೊನೆಗೆ ಕೈಸರ ಮೇಡಂ ಮೊಬೈಲು ನೋಡಿ, "ಮುಲ್ಕಿ?" ಎಂದರು. ಅದು ಮಂಗಳೂರಿನ ಹತ್ತಿರ, ಅಷ್ಟು ದೂರ ಯಾರೂ ಹೊರಡಲಾರರು ಎಂಬ ಧೈರ್ಯದಿಂದ ವಿಜಯಮಹಾಂತೇಶ, "ಮುಲ್ಕಿ ಆದ್ರ ಮಾತ ಬ್ಯಾರೆ. ಹೋದ್ರ ಅಲ್ಲಿಗೇ ಹೋಗಬೇಕು ನೋಡ್ರಿ" ಎಂದರು.

ಅಲ್ಲಾವುದ್ದೀನನ ಭಾವನಿಗೆ ಹಾವೇರಿಯಲ್ಲಿ ಟೆಂಪೋ ಟ್ರಾವೆಲರ್ ಇತ್ತು. ಸಂಜೆಯೊಳಗೆ ಗಾಡಿಯೂ ಗೊತ್ತಾಯಿತು, ಹನ್ನೆರಡು ಮಂದಿಯ ಹೆಸರೂ ಮುಲ್ಕಿಯ ತರಬೇತಿ ಶಾಲೆಗೆ ಹೋಯಿತು.

ಬ್ಯಾಡಗಿಯ ವಿಜಯಮಹಾಂತೇಶರ ಮನೆಯಲ್ಲಿ ಮರುದಿನ ಮುಂಜಾನೆ ಮಾಳಿಗೆಯ ಮೇಲೆ ಧಡ್ ಎಂಬ ಸದ್ದಾಯಿತು. ಹೆಂಡತಿ ಶೈಲಾ ಹಸಿ ಬಟ್ಟೆಯ ಬಕೆಟ್ಟು ಹಿಡಿದು ಮೇಲೆ ಬಂದರೆ, ಗಂಡ ಪೈಪಿನ ತುಂಡಿನ ಮೇಲೆ ಹಲಗೆ ಇಟ್ಟು, ಸುತ್ತ ನಾಲ್ಕು ಗಾದಿ ಹಾಸಿಕೊಂಡು, ಗಾದಿ ಇಲ್ಲದ ಕಡೆಗೇ ಬಿದ್ದಿದ್ದರು. ಆಗ ಎಲ್ಲವನ್ನೂ ಹೇಳಿದರು.

"ಕಾಲೇಜಿನಾಗ ಖರೇ ಹೇಳಿಬಿಡ್ರಿ" ಎಂದಳು ಶೈಲಾ.

"ಹದಿನೆಂಟು ವರ್ಷ ಆತು. ಈಗ ಹೆಂಗ ಹೇಳಲಿ?"

ಶೈಲಾ ಬಟ್ಟೆ ಹಿಂಡುತ್ತ ಸ್ವಲ್ಪ ಯೋಚಿಸಿದಳು. "ಹಂಗಾರ ಕದರಮಂಡಲಗಿಗೆ ಹೋಗಿ ಬರ್ರಿ. ಸಮುದ್ರದ ಅನುಭವ ಇದ್ದ ದೇವರು ನಮ್ಮ ತಾಲೂಕಿನಾಗ ಆಂಜನೇಯ ಒಬ್ಬನ."

ಅವರು ಹೋಗಿ ಕಾಯಿ ಒಡೆಸಿಕೊಂಡು ಬಂದರು. ಈಸು ಬರುತ್ತಿತ್ತು, ಅದೊಂದೇ ಸಮಾಧಾನ. ಆದರೆ ಕಲಿತದ್ದು ಬಾವಿಯಲ್ಲಿ. ಬಾವಿ ಇದ್ದಲ್ಲೇ ಇರುತ್ತದೆ, ಮೈಮೇಲೆ ಏರಿ ಬರುವುದಿಲ್ಲ.

ಮುಲ್ಕಿಯಲ್ಲಿ ಕಲಿಸುವವಳು ರೋಹಿಣಿ ಎಂಬ ಗಟ್ಟಿಮುಟ್ಟಾದ ಹೆಣ್ಣುಮಗಳು. ಇವರಿಗಿಂತ ಮೊದಲೇ ಅಲ್ಲಾವುದ್ದೀನ ಅವಳ ಬಳಿ ಹೋಗಿ ಸರ್ ಬಗ್ಗೆ ಹತ್ತು ನಿಮಿಷ ಮಾತಾಡಿಬಂದಿದ್ದ. ಹಾಗಾಗಿ ಉಳಿದವರಿಗೆಲ್ಲ ಉದ್ದನೆಯ ಮೆತ್ತನೆಯ ಹಲಗೆ ಸಿಕ್ಕಿತು, ವಿಜಯಮಹಾಂತೇಶರಿಗೆ ಗಿಡ್ಡನೆಯ ಗಟ್ಟಿ ಹಲಗೆ.

"ದೊಡ್ಡದ್ರಲ್ಲಿ ನಿಮಗೆ ಮಜಾ ಬರ್ಲಿಕ್ಕಿಲ್ಲ ಸರ್. ಇವರನ್ನೆಲ್ಲ ನಮ್ಮ ಇನ್ನೊಬ್ರು ನೋಡ್ಕೊಳ್ತಾರೆ. ನಾವಿಬ್ರು ಸ್ವಲ್ಪ ಆಚೆ ಹೋಗುವ" ಎಂದಳು ರೋಹಿಣಿ.

ಬೇಡ ಎನ್ನುವಂತಿರಲಿಲ್ಲ. ದಂಡೆಯಲ್ಲಿ ಹತ್ತು ಮಂದಿ ಸಹೋದ್ಯೋಗಿಗಳು ಮೊಬೈಲು ಎತ್ತಿ ಹಿಡಿದಿದ್ದರು. ಹಲಗೆಯ ಮೇಲೆ ಬೋರಲು ಮಲಗಿ, ಕೈಯಿಂದ ನೀರು ಕೊಚ್ಚುತ್ತ, ಉಪ್ಪುನೀರು ಕುಡಿಯುತ್ತ, ಅಲೆ ಒಡೆಯುವ ಜಾಗ ದಾಟಿದರು. ಅಲ್ಲಿಂದ ಹಿಂತಿರುಗಿ ನೋಡಿದರೆ ಜೊತೆಗೆ ಬಂದಿದ್ದ ಶೈಲಾಳ ಕೆಂಪು ಛತ್ರಿ ಕುಂಕುಮದ ಬೊಟ್ಟಿನಷ್ಟಾಗಿತ್ತು.

"ಇದು ತಗೊಳ್ಳಿ ಸರ್" ಎಂದು ರೋಹಿಣಿ ಒಂದು ಅಲೆ ತೋರಿಸಿದಳು.

"ಇದು ಬ್ಯಾಡ್ರಿ."

"ಇದು?"

"ಇದೂ ಅಷ್ಟಕ್ಕಷ್ಟ."

ಏಳು ಅಲೆಗಳು ಹಾಗೇ ಹೋದವು. "ನೀವು ಎಂಥ ಅಲೆ ನೋಡ್ತಾ ಇದ್ದೀರಿ ಸರ್?" ಎಂದು ಅವಳು ಭಕ್ತಿಯಿಂದ ಕೇಳಿದಳು.

"ದಂಡಿ ಮುಟ್ಟಸೂದು ಯಾವುದಾದ್ರೂ ನಡೀತೈತ್ರಿ ತಂಗೆವ್ವ" ಎಂದರು ವಿಜಯಮಹಾಂತೇಶ. "ನಾ ಕಾರವಾರದಾಗ ಬರೇ ಉಳ್ಳಾಗಡ್ಡಿ ಹೆಚ್ಚೇನಿ. ಹಲಗಿ ಮುಟ್ಟಿದ್ದು ಇವತ್ತ ಮೊದಲು."

ರೋಹಿಣಿ ಅವರ ಮುಖ ನೋಡಿದಳು, ನಗು ಬಂದದ್ದನ್ನು ನುಂಗಿದಳು. "ಹೊಟ್ಟೆ ಮೇಲೇ ಮಲಗಿರಿ. ಎರಡೂ ಅಂಚು ಗಟ್ಟಿ ಹಿಡ್ಕೊಳ್ಳಿ. ಏಳ್ಲಿಕ್ಕೆ ಮಾತ್ರ ಹೋಗ್ಬೇಡಿ" ಎಂದು ಒಂದು ಸಾಧು ಅಲೆ ನೋಡಿ ಹಿಂದಿನಿಂದ ನೂಕಿದಳು.

ಕಣ್ಣು ಮುಚ್ಚಿದವರು ತೆರೆದಾಗ ಹೊಟ್ಟೆಯ ಕೆಳಗೆ ಮರಳಿತ್ತು, ಎದುರಿಗೆ ಕೈಸರ ಮೇಡಮ್ಮರ ಪಾದಗಳಿದ್ದವು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

"ಏಳದ ಮಲಕೊಂಡ ಬಂದ್ರಲ್ಲ ಸರ, ಅದಕ್ಕ ಏನಂತಾರ್ರಿ?" ಎಂದರು ಮೇಡಂ.

"ಅಂಜಿಕಿ ಅಂತಾರ್ರಿ" ಎಂದು ಅವರು ಎದ್ದು ಕುಳಿತರು. ಮೂಗಿನಿಂದ ನೀರು ಸೋರುತ್ತಿರುವಾಗಲೇ ಅಡುಗೆ ಪಾಳಿಯಿಂದ ಹಿಡಿದು ಮಾಳಿಗೆಯ ಗಾದಿಯ ತನಕ ಒಂದೂ ಬಿಡದೆ ಹೇಳಿದರು.

ಕೇಳಿ ಅಲ್ಲಾವುದ್ದೀನ ಕಣ್ಣೊರೆಸಿಕೊಂಡ. "ನೋಡ್ರಿ, ಇದಕ್ಕ ದೊಡ್ಡಸ್ತನ ಅಂತಾರ. ನಾವು ಹೊಸಬರು ಅಂಜಬಾರದು ಅಂತ ತಮ್ಮನ್ನ ತಾವ ಸಣ್ಣ ಮಾಡಿಕೊಂಡ್ರು."

"ಅಲ್ಲೋ, ಖರೇನ ನನಗ ಬರೂದಿಲ್ಲ."

"ತಿಳಿದವರು ಹಂಗ ಅಂತಾರ್ರಿ ಸರ" ಎಂದರು ಕೈಸರ ಮೇಡಂ.

ವಿಜಯಮಹಾಂತೇಶ ಸಾಕ್ಷಿಗಾಗಿ ಹೆಂಡತಿಯ ಕಡೆ ತಿರುಗಿದರು. ಶೈಲಾ ಎಳನೀರಿನ ಕೊಳವೆಯನ್ನು ಬಾಯಿಂದ ತೆಗೆದು, "ನಮ್ಮನಿಯವರು ಮೊದಲಿಂದ್ಲೂ ಹಂಗರಿ. ತಮ್ಮ ಬಗ್ಗೆ ತಾವು ಹೇಳಿಕೊಳ್ಳೂದಿಲ್ಲ" ಎಂದು ಮತ್ತೆ ಕುಡಿಯತೊಡಗಿದಳು.

ಆದರೂ ಆ ರಾತ್ರಿ ಅವರಿಗೆ ಬಹಳ ವರ್ಷಗಳ ಮೇಲೆ ಹಗುರಾದ ನಿದ್ದೆ ಬಂತು. ಹೇಳುವುದನ್ನು ಹೇಳಿಯಾಗಿತ್ತು, ನಂಬುವುದು ಅವರವರ ಕೆಲಸ. ಮರುದಿನ ಉದ್ದನೆಯ ಮೆತ್ತನೆಯ ಹಲಗೆ ಕೇಳಿ ಪಡೆದು, ಎಲ್ಲರೊಂದಿಗೆ ಸಾಲಿನಲ್ಲಿ ನಿಂತು, ಮೊಣಕಾಲುದ್ದ ನೀರಿನಲ್ಲಿ ಬೀಳತೊಡಗಿದರು. ಅವರು ಬಿದ್ದಾಗಲೆಲ್ಲ ಅಲ್ಲಾವುದ್ದೀನ ಉಳಿದವರಿಗೆ ವಿವರಿಸುತ್ತಿದ್ದ: "ಇದು ಎಡಕ್ಕ ಬೀಳೂದು. ಈಗ ನೋಡ್ರಿ, ಹಿಂದಕ್ಕ ತೋರಸ್ತಾರ."

ಹದಿನೈದನೆಯ ಸಲ ವಿಜಯಮಹಾಂತೇಶ ಎದ್ದು ನಿಂತರು. ಬೀಳಲಿಲ್ಲ. ಹಲಗೆ ಸಾಗುತ್ತಿತ್ತು, ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ದಂಡೆಯತ್ತ ಕಣ್ಣು ಹಾಯಿಸಿದರು.

ಕೈಸರ ಮೇಡಮ್ಮರೂ ಅಲ್ಲಾವುದ್ದೀನನೂ ಉಳಿದವರೂ ಸಾಲಾಗಿ ನಿಂತು, ಮರಳಿನ ಮೇಲೆ ಎಡಕ್ಕೆ ಬೀಳುವುದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡುತ್ತಿದ್ದರು.